ಬಿಚ್ಚದ ಗಂಟಿಗೂ ಬಾಡಿಗೆಯೇ?

ಸಾಲ ಕೊಡುವ ಕಂಪನಿಗಳ ಮೇಲೆ ಕಣ್ಣಿಡಲೆಂದೇ ನೇಮಕಗೊಂಡಿರುವ ಹಿರಿಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಈ ದೇಶದ ಅರ್ಧ ಜನ ಕೂತಿರುವುದು ನನ್ನ ಕುರ್ಚಿಗಳ ಮೇಲೆ. ಉಳಿದರ್ಧ ಜನ ನನ್ನ ಕುರ್ಚಿ ಸಿಗದೆ ನಿಂತುಕೊಂಡಿದ್ದಾರೆ. ಮಂತ್ರಿಗಳು ಭಾಷಣಕ್ಕೆ ಏಳುವ ಮುಂಚೆ ಯಾವುದರ ಮೇಲೆ ಕೂತಿರುತ್ತಾರೆ, ಭಾಷಣ ಮುಗಿಸಿ ಯಾವುದರ ಮೇಲೆ ಕುಸಿಯುತ್ತಾರೆ ಎಂದು ವಿಚಾರಿಸಿ ನೋಡಿದರೆ ನನ್ನ ಮಾತಿನ ತೂಕ ತಮಗೆ ತಿಳಿದೀತು. ಏಳನೇ ತರಗತಿಯನ್ನು ಎರಡು ಸಲ ಓದಿದವನಾದ್ದರಿಂದ ನನ್ನ ವಿದ್ಯೆಯನ್ನು ಹದಿನಾಲ್ಕನೇ ತರಗತಿಯೆಂದೇ ಹಿಡಿಯಬೇಕು. ಇಂಥ ನಾನು ಹುಟ್ಟಿದಂದಿನಿಂದ ಯಾರ ಕೈಯಲ್ಲೂ ಒಂದು ಚಮಚದಷ್ಟು ಮೋಸ ಹೋದವನಲ್ಲ. ಅಂಥವನನ್ನು ತಮ್ಮ ಕಣ್ಗಾವಲಿನಲ್ಲಿರುವ ಒಂದು ಸಾಲದ ಕಂಪನಿ ಮೂರೇ ದಿನದಲ್ಲಿ ಬೋಳಿಸಿ ಕೂರಿಸಿದೆ. ಹೋದ ಮೊತ್ತವನ್ನು ಇಲ್ಲಿಯೇ ಬರೆದರೆ ತಮ್ಮ ಕೈಯಲ್ಲಿರುವ ಚಹಾದ ಲೋಟ ಜಾರಿ ಬಿದ್ದೀತು. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ದೂರು ಇಷ್ಟು. ಸಾಲ ತೆಗೆದುಕೊಂಡವನಿಗೆ ಮನಸ್ಸು ಬದಲಾದರೆ, ಮೂರು ದಿನದೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕಟ್ಟಿ, ದಂಡವಿಲ್ಲದೆ ಸಾಲ ರದ್ದು ಮಾಡಿಸಿಕೊಳ್ಳಬಹುದು ಎಂದು ನಿಯಮವಿದೆ. ಘನವಾದ ನಿಯಮ. ಬರೆದವರ ಕೈಗೆ ನಮಸ್ಕಾರ. ಆದರೆ ಸ್ವಾಮಿ, ಮನೆಗೊಂದು ಬಾಗಿಲಿಟ್ಟು, ಆ ಬಾಗಿಲಿಗೆ ಗೋಡೆಯ ಬಣ್ಣವನ್ನೇ ಬಳಿದು, ಚಿಲಕವನ್ನು ಅಟ್ಟದ ಮೇಲೆ ಬಚ್ಚಿಟ್ಟು, ಆಮೇಲೆ "ಬಾಗಿಲಿದೆಯಲ್ಲ, ಹೋಗಬೇಕಾದವರು ಹೋಗಬಹುದಲ್ಲ" ಎಂದರೆ ಅದಕ್ಕೆ ಬಾಗಿಲೆನ್ನುತ್ತಾರೆಯೇ? ತಾವು ಎಂದಾದರೂ ಆ ಬಾಗಿಲಿನಿಂದ ಹೊರಗೆ ಹೋಗಿ ನೋಡಿದ್ದೀರಾ? ನಾನು ಹೋಗಿಬಂದೆ. ಮೈಯೆಲ್ಲ ಸುಣ್ಣವಾಯಿತು.

ಕತೆ ಹೇಳುವ ಮುಂಚೆ ನನ್ನ ಕಸುಬಿನ ಒಂದು ಕಟ್ಟಳೆ ತಮಗೆ ತಿಳಿದಿರಬೇಕು. ನನ್ನದು ಬಾಡಿಗೆ ಸಾಮಾನಿನ ಅಂಗಡಿ. ಕುರ್ಚಿ, ಮೇಜು, ಪೆಂಡಾಲು, ಕೊಪ್ಪರಿಗೆ, ಸೌಟು, ತಟ್ಟೆ, ಲೋಟ, ಚಮಚ. ಊರಲ್ಲಿ ಯಾರು ಮದುವೆಯಾದರೂ ಯಾರು ಸತ್ತರೂ ಹತ್ತಿರದ ನೆಂಟರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ. ಜನರ ಸ್ವಭಾವ ಹೇಗೆಂದರೆ, ನೂರು ಜನರನ್ನು ಕರೆದವರು ನೂರೈವತ್ತು ತಟ್ಟೆ ಒಯ್ಯುತ್ತಾರೆ. ಎಂಬತ್ತು ಜನ ಬರುತ್ತಾರೆ. ಮಿಕ್ಕ ತಟ್ಟೆಗೆ ಬಾಡಿಗೆ ಕೇಳಿದರೆ ಜಗಳ. ಅದಕ್ಕೆ ನಮ್ಮಪ್ಪನ ಕಾಲದಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ತಟ್ಟೆಗಳನ್ನು ಕಟ್ಟು ಕಟ್ಟಾಗಿ ಸೆಣಬಿನ ಹುರಿಯಲ್ಲಿ ಬಿಗಿದು ನಮ್ಮದೇ ಒಂದು ಗಂಟು ಹಾಕಿ ಕೊಡುತ್ತೇವೆ. ಗಂಟು ಬಿಚ್ಚದೆ ಬಂದ ಕಟ್ಟಿಗೆ ಬಾಡಿಗೆ ಇಲ್ಲ. ಬಿಚ್ಚಿದರೆ, ಒಂದೇ ತಟ್ಟೆಯಲ್ಲಿ ಉಂಡಿದ್ದರೂ ಪೂರ್ತಿ ಕಟ್ಟಿಗೆ ಬಾಡಿಗೆ. ಆ ಗಂಟು ಹಾಕಲು ಲೋಕದಲ್ಲಿ ಇಬ್ಬರಿಗೇ ಬರುತ್ತದೆ: ನನಗೆ ಮತ್ತು ನನ್ನ ಹೆಂಡತಿಗೆ. ಬಿಚ್ಚಿ ಮತ್ತೆ ಕಟ್ಟಿ ತಂದವರನ್ನು ಅವಳು ಬೆರಳಾಡಿಸಿಯೇ ಹಿಡಿಯುತ್ತಾಳೆ. ಬೆರಳೇ ಏಕೆಂದರೆ ಎರಡು ವರ್ಷದಿಂದ ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮುಂದೆ ನಿಂತವರು ಯಾರೆಂದು ತಿಳಿಯಬೇಕಾದರೆ ಅವರು ಕೆಮ್ಮಬೇಕು. ಆದರೂ ಇನ್ನೂರು ಚಮಚ ಒಯ್ದು ನೂರ ತೊಂಬತ್ತೊಂಬತ್ತು ವಾಪಸ್ ತಂದವರು ನಮ್ಮ ಅಂಗಡಿಯಿಂದ ಮರ್ಯಾದೆಯಾಗಿ ಹೊರಗೆ ಹೋದದ್ದಿಲ್ಲ.

ಇನ್ನು ನನ್ನ ಷಡ್ಡಕನ ವಿಚಾರ. ಹೆಂಡತಿಯ ತಂಗಿಯ ಗಂಡ. ಅವನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಸಾಮಾನು ಯಾರಲ್ಲಿ ತೆಗೆದುಕೊಳ್ಳಬೇಕಿತ್ತು? ಅವನು ತೆಗೆದುಕೊಂಡದ್ದು ನಮ್ಮ ಎದುರು ಸಾಲಿನ ಅಂಗಡಿಯವನಲ್ಲಿ. ಆ ಮಹಾಶಯ ಹೊಸದಾಗಿ ಮೆತ್ತನೆಯ ದಿಂಬಿನ, ಚಿನ್ನದ ಬಣ್ಣದ ಗವಸಿನ ಕುರ್ಚಿಗಳನ್ನು ತರಿಸಿದ್ದಾನೆ. ಎಲ್ಲರೂ ಅವನನ್ನು ಮೆತ್ತನೆಯವನು ಎನ್ನುತ್ತಾರೆ. ನಾನು ಹೋದೆ. ಆ ಕುರ್ಚಿಯ ಮೇಲೆ ಕೂರಬೇಕಾಯಿತು. ಸತ್ಯಕ್ಕೆ ಹೇಳುತ್ತೇನೆ, ಹಿತವಾಗಿಯೇ ಇತ್ತು. ಅದೇ ಹೊಟ್ಟೆ ಉರಿಸಿದ್ದು.

"ಹೇಗಿದೆ ಭಾವ?" ಎಂದ ಷಡ್ಡಕ, ನಾಲ್ಕು ಜನರ ಮುಂದೆ.

"ಕೂತವರು ಏಳೋದನ್ನೇ ಮರೀತಾರೆ. ಊಟದ ಮನೇಲಿ ಅದು ನಷ್ಟ" ಎಂದೆ.

"ನಿಮ್ಮ ಕುರ್ಚಿ ಬಿಡಿ ಭಾವ, ಎದ್ದ ಮೇಲೂ ಮರೆಯೋ ಹಾಗಿಲ್ಲ. ಬೆನ್ನ ಮೇಲೆ ಮೂರು ಪಟ್ಟಿ ಮೂಡಿರುತ್ತಲ್ಲ!"

ನಾಲ್ಕೂ ಜನ ನಕ್ಕರು. ಮೆತ್ತನೆಯವನೂ ನಕ್ಕ, ಅದೂ ಮೆತ್ತಗೆ. ನನ್ನ ಬಾಯಿ ನನ್ನನ್ನು ಕೇಳಿ ತೆರೆಯುವುದಿಲ್ಲ, ಇದು ಊರಿಗೇ ಗೊತ್ತು. "ಮುಂದಿನ ವಾರ ಬಾರಯ್ಯ, ನೂರು ಕುರ್ಚಿ ಇಳಿಸಿರ್ತೀನಿ. ಇದಕ್ಕಿಂತ ದಪ್ಪ ದಿಂಬು" ಎಂದುಬಿಟ್ಟೆ.

ಕೈಯಲ್ಲಿ ಫೋನಿತ್ತು. ಅದರೊಳಗೆ ತಮ್ಮ ಕಣ್ಗಾವಲಿನ ಕಂಪನಿಯ ಆ್ಯಪ್ ಇತ್ತು. ಒಂದು ಲಕ್ಷ ಬೇಕೇ ಎಂದಿತು, ಹೂಂ ಎಂದು ಒತ್ತಿದೆ. ನಿಜವಾಗಿಯೂ ಬೇಕೇ ಎಂದೂ ಕೇಳಲಿಲ್ಲ. ಮುಖ ತೋರಿಸು ಎಂದಿತು, ತೋರಿಸಿದೆ. ಈ ಮುಖ ನೋಡಿ ಲಕ್ಷ ಕೊಟ್ಟವರು ಇವತ್ತಿನವರೆಗೆ ಯಾರೂ ಇರಲಿಲ್ಲ ಸ್ವಾಮಿ. ನನ್ನ ಮಾವನವರೂ ಯೋಚನೆ ಮಾಡಿಯೇ ಕೊಟ್ಟದ್ದು, ಅದೂ ಮಗಳನ್ನು ಮಾತ್ರ. ತಟ್ಟೆ ತೊಳೆಯುವಷ್ಟು ಹೊತ್ತಿನಲ್ಲಿ ಹಣ ಖಾತೆಗೆ ಬಂತೆಂದು ಫೋನು ಟಿಣ್ ಎಂದಿತು. ಜೊತೆಗೆ ಉದ್ದನೆಯ ಒಂದು ಒಪ್ಪಂದವೂ ಬಂತು. ಅದರ ಅಕ್ಷರಗಳು ಇರುವೆಯ ಮೊಟ್ಟೆಯಷ್ಟಿದ್ದವು. ಮೊಟ್ಟೆ ಎಣಿಸುತ್ತ ಕೂರುವ ಹೊತ್ತೇ ಅದು?

ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಸೌಟು ಒರೆಸುತ್ತಿದ್ದಳು. ಒರೆಸುವುದು ನಿಂತಿತು.

"ಕಂತು ಯಾವ ಖಾತೆಯಿಂದ ಹೋಗುತ್ತೆ?"

"ನಮ್ಮಿಬ್ಬರ ಖಾತೆಯಿಂದ. ಅದೇ ತಾನಾಗಿ ತಿಂಗಳು ತಿಂಗಳು ಎಳ್ಕೊಳ್ಳುತ್ತೆ, ನಾವು ಏನೂ ಮಾಡೋ ಹಾಗಿಲ್ಲ."

"ಆ ಖಾತೇಲಿ ಏನಿದೆ ಗೊತ್ತಾ ರೀ?"

"ದುಡ್ಡಿದೆ."

"ನನ್ನ ಕಣ್ಣಿದೆ. ಎರಡೂ ಅಲ್ಲೇ ಇರೋದು."

ಆಪರೇಷನ್ನಿಗೆಂದು ಅವಳು ಎರಡು ವರ್ಷದಿಂದ ಕೂಡಿಟ್ಟ ಹಣ ಅದು. ಆಸ್ಪತ್ರೆಯವರು ದಿನವನ್ನೂ ಕೊಟ್ಟಾಗಿತ್ತು. ಮೊದಲ ಕಂತು ಬೀಳುವುದು ಅದಕ್ಕಿಂತ ಮುಂಚೆಯೇ. ನನಗೆ ಇದು ಮರೆತೇಹೋಗಿತ್ತೆಂದು ಹೇಳಿದರೆ ತಾವು ನಂಬುವುದಿಲ್ಲ, ಅವಳೂ ನಂಬಲಿಲ್ಲ. ಒಪ್ಪಂದವನ್ನು ಕನ್ನಡಕ ಏರಿಸಿ ಮತ್ತೆ ಓದಿದಾಗ ಮೂರು ದಿನದ ನಿಯಮ ಕಣ್ಣಿಗೆ ಬಿತ್ತು. ಜೀವ ಬಂದಂತಾಯಿತು. "ಇಷ್ಟೇ ತಾನೇ? ಬಿಚ್ಚದೆ ವಾಪಸ್ ಕೊಟ್ಟರಾಯ್ತು. ಒಂದು ಪೈಸೆ ಹೋಗಲ್ಲ, ನನ್ನ ಮಾತು" ಎಂದೆ. ಅವಳು ಸೌಟು ಒರೆಸಲು ಶುರುಮಾಡಿದಳು. ಒರೆಸಿದ ಸೌಟನ್ನೇ ಮತ್ತೆ ಒರೆಸಿದಳು.

ಮಾರನೆಯ ದಿನ ಬ್ಯಾಂಕಿಗೆ ಹೋಗಿ ಒಂದು ಲಕ್ಷ ತೆಗೆದೆ. ಏಕೆ ತೆಗೆದಿರಿ, ಖಾತೆಯಲ್ಲೇ ಇರಬಾರದಿತ್ತೇ ಎಂದು ತಾವು ಕೇಳಬಹುದು. ಖಾತೆಯಲ್ಲಿ ಬಿಡಿಯಾಗಿ ಬಿದ್ದಿರುವ ಹಣ ಮುಟ್ಟದ ಹಣವೆಂದು ಯಾರಿಗೆ ತೋರಿಸುವುದು? ನೋಟುಗಳ ಕಟ್ಟನ್ನು ಬಿಳಿ ಬಟ್ಟೆಯಲ್ಲಿಟ್ಟು, ಸೆಣಬಿನ ಹುರಿಯಲ್ಲಿ ಬಿಗಿದು, ನಮ್ಮ ಗಂಟು ಹಾಕಿದೆ. ಹಾಕಿ, ಚಪ್ಪಲಿ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿರುವ ಕಂಪನಿಯ ಕಚೇರಿಗೆ ಹೋದೆ. ಗಾಜಿನ ಬಾಗಿಲು, ಗಿಡವೊಂದು ಪ್ಲಾಸ್ಟಿಕ್ಕಿನದು, ಒಬ್ಬಳೇ ಹುಡುಗಿ. ಕೂರಲು ಹಾಕಿದ್ದ ಕುರ್ಚಿಗಳು ನಾಲ್ಕು. ಒಂದರ ಕಾಲು ಅಲ್ಲಾಡುತ್ತಿತ್ತು. ಕೋಟಿಗಟ್ಟಲೆ ಸಾಲ ಕೊಡುವವರ ಯೋಗ್ಯತೆ!

ಗಂಟನ್ನು ಮೇಜಿನ ಮೇಲಿಟ್ಟೆ. "ನೋಡಮ್ಮ, ಬಿಚ್ಚಿಲ್ಲ. ತಗೊಂಡು ಬಿಡು."

ಹುಡುಗಿ ಗಂಟನ್ನು ಮುಟ್ಟಿ ನೋಡಿದಳು. "ತುಂಬಾ ಚೆನ್ನಾಗಿ ಕಟ್ಟಿದೀರ ಅಂಕಲ್. ಆದ್ರೆ ನಾವು ಇಲ್ಲಿ ನಗದು ಮುಟ್ಟೋ ಹಾಗಿಲ್ಲ. ಎಲ್ಲಾ ಆ್ಯಪ್‌ನಲ್ಲೇ."

"ಸಾಲ ಕೊಡೋ ಕಚೇರೀಲಿ ದುಡ್ಡು ಮುಟ್ಟಲ್ವಾ?"

"ಇಲ್ಲ ಅಂಕಲ್."

"ಮತ್ತೆ ನೀನಿಲ್ಲಿ ಏನು ಮಾಡ್ತೀಯಮ್ಮ?"

"ಎಲ್ಲಾ ಆ್ಯಪ್‌ನಲ್ಲೇ ಅಂತ ಹೇಳ್ತೀನಿ" ಎಂದಳು.

ಪಾಪದ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕುಡಿಯಲು ನೀರು ಕೊಟ್ಟಳು. ಅಲ್ಲಾಡುವ ಕುರ್ಚಿಯ ಕಾಲಿಗೆ ನಾನೂ ರಟ್ಟಿನ ತುಂಡೊಂದನ್ನು ಮಡಿಸಿ ಇಟ್ಟು ಬಂದೆ.

ಎರಡನೆಯ ದಿನ ಪೂರ್ತಿ ಫೋನಿಗೆ ಹೋಯಿತು. ಸಹಾಯವಾಣಿಗೆ ಕರೆ ಮಾಡಿದರೆ ಹೊಸ ಸಾಲಕ್ಕೆ ಒಂದು ಒತ್ತಿ, ಹೆಚ್ಚಿನ ಸಾಲಕ್ಕೆ ಎರಡು ಒತ್ತಿ, ಸ್ನೇಹಿತರಿಗೆ ಸಾಲ ಕೊಡಿಸಲು ಮೂರು ಒತ್ತಿ. ಸಾಲ ಬೇಡವಾದವನು ಏನನ್ನು ಒತ್ತಬೇಕು, ಸ್ವಾಮಿ? ತನ್ನ ಕುತ್ತಿಗೆಯನ್ನೇ? ಸಂಗೀತ ಕೇಳಿಸುತ್ತ ಕೇಳಿಸುತ್ತ ಕೊನೆಗೊಬ್ಬ ಹುಡುಗ ಸಿಕ್ಕಿದ.

"ನಮಸ್ಕಾರ ಸರ್, ನಿಮ್ಮ ದಿನ ಶುಭವಾಗಿರಲಿ."

"ಶುಭ ಆಗಬೇಕಂದ್ರೆ ನೀವು ನಿಮ್ಮ ದುಡ್ಡು ವಾಪಸ್ ತಗೋಬೇಕು ಕಣಪ್ಪ."

"ಖಂಡಿತ ಸರ್. ನಿಮಗೆ ಇನ್ನೂ ಐವತ್ತು ಸಾವಿರ ಮಂಜೂರಾಗಿದೆ, ಹಾಕಿಬಿಡಲಾ ಸರ್?"

"ಅಯ್ಯೋ ಮಾರಾಯ, ಕೊಟ್ಟಿದ್ದನ್ನೇ ಬೇಡ ಅಂತಿದೀನಿ!"

"ಕಾರಣ ಏನು ಸರ್?"

"ಹೆಂಡತಿ."

"ಆ ಕಾರಣ ನಮ್ಮಲ್ಲಿಲ್ಲ ಸರ್. ಬಡ್ಡಿ ಜಾಸ್ತಿ ಆಯ್ತು, ಸಾಲ ಕಮ್ಮಿ ಆಯ್ತು, ಬೇರೆ ಕಡೆ ಸಿಕ್ತು. ಮೂರರಲ್ಲಿ ಒಂದು ಹೇಳಿ."

"ನಿಂಗೆ ಮದುವೆ ಆಗಿದೆಯೇನಪ್ಪ?"

"ಇಲ್ಲ ಸರ್."

"ಅದಕ್ಕೇ."

ಕಡೆಗೆ ಅವನೂ ಆ್ಯಪ್‌ನಲ್ಲೇ ಎಂದ. ರದ್ದು ಮಾಡುವ ಜಾಗ ಅದರೊಳಗೆ ಎಲ್ಲಿದೆ ಎಂದರೆ ಹೇಳಲು ತನಗೆ ಅಧಿಕಾರವಿಲ್ಲ ಎಂದ. ಮಾತು ಮುಗಿದ ಮೇಲೆ, ಈ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಫೋನು ಕೇಳಿತು. ಹಗಲಿನಲ್ಲೇ ಕಾಣುತ್ತಿದ್ದವು, ಎಲ್ಲವನ್ನೂ ಕೊಟ್ಟೆ.

ಮೂರನೆಯ ದಿನ ಬೆಳಗ್ಗೆ ಹೆಂಡತಿ ಅಂಗಡಿಗೆ ಬೀಗ ಹಾಕಿಸಿ, "ನಡೀರಿ, ನಾನೂ ಬರ್ತೀನಿ" ಎಂದಳು. ನನ್ನ ಮೊಣಕೈ ಹಿಡಿದು ಬಂದಳು. ಆ್ಯಪ್‌ನಿಂದ ಕಟ್ಟಬೇಕಾದರೆ ಹಣ ಖಾತೆಯಲ್ಲಿರಬೇಕು. ಖಾತೆಗೆ ಹಾಕಬೇಕಾದರೆ ಗಂಟು ಬಿಚ್ಚಬೇಕು. ಬ್ಯಾಂಕಿನ ಗುಮಾಸ್ತರ ಮುಂದೆ ಗಂಟನ್ನು ಹಾಗೆಯೇ ಇಟ್ಟೆ. ಬಿಚ್ಚಿದರೆ ನಮ್ಮ ಕಟ್ಟಳೆಯಲ್ಲಿ ಪೂರ್ತಿ ಬಾಡಿಗೆ!

"ಗಂಟಿನ ಸಮೇತ ಯಂತ್ರಕ್ಕೆ ಹಾಕೋಕಾಗಲ್ಲ ಯಜಮಾನ್ರೇ" ಎಂದರು ಗುಮಾಸ್ತರು.

"ನೀವು ಸಾಕ್ಷಿಯಾಗಿ ಒಂದು ಸಲ ಗಂಟು ನೋಡ್ಕೊಳ್ಳಿ. ಬಿಚ್ಚಿರಲಿಲ್ಲ ಅಂತ."

"ಯಾರಿಗೆ ಸಾಕ್ಷಿ?"

ಹಿಂದೆ ನಿಂತಿದ್ದ ಸಾಲು ಗೊಣಗತೊಡಗಿತು. ನನ್ನ ಹೆಂಡತಿ ಕೈ ಚಾಚಿ ಗಂಟನ್ನು ಹುಡುಕಿ, ಎರಡು ಬೆರಳಲ್ಲಿ ಎಳೆದಳು. ಬಿಚ್ಚಿಕೊಂಡಿತು. "ನೋಡ್ಕೊಂಡಾಯ್ತು, ಎಣಿಸಿ" ಎಂದಳು.

ಹಣ ಖಾತೆಗೆ ಬಿದ್ದ ಮೇಲೆ ಬ್ಯಾಂಕಿನ ಮೆಟ್ಟಿಲ ಮೇಲೆಯೇ ಕೂತು ಆ್ಯಪ್ ತೆರೆದೆವು. ರದ್ದು ಮಾಡುವ ಬಾಗಿಲು ಸಂಜೆಗೆ ಮುಚ್ಚುತ್ತದೆಂದು ಅದರಲ್ಲಿ ಬರೆದಿತ್ತು. ಇಲ್ಲಿಂದ ಮುಂದಿನದನ್ನು ತಾವು ಗಮನವಿಟ್ಟು ಓದಬೇಕು. ನಾನು ಒತ್ತುತ್ತ ಹೋದೆ, ಅದು ನನ್ನನ್ನು ಸುತ್ತಿಸಿ ಸುತ್ತಿಸಿ ಮೊದಲಿನ ಜಾಗಕ್ಕೇ ತಂದು ಬಿಡುತ್ತಿತ್ತು. ಒಂದು ಸಲವಂತೂ ಐವತ್ತು ಸಾವಿರದ ಹೊಸ ಸಾಲದ ಬಾಗಿಲಿಗೇ ಹೋಗಿ ನಿಂತಿದ್ದೆ. ಹೆಂಡತಿ ಫೋನನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದಳು.

"ಇಲ್ಲೊಂದು ಹಸಿರು ಕಾಣಿಸ್ತಿದೆ, ದೊಡ್ಡದು. ಏನಂತ ಬರೆದಿದೆ?"

"ಸಾಲ ಮುಂದುವರಿಸಿ."

"ಅದರ ಕೆಳಗೆ ಏನಾದ್ರೂ ಇದೆಯಾ? ನನಗೇನೂ ಕಾಣ್ತಿಲ್ಲ."

ನಾನು ಕನ್ನಡಕ ಒರೆಸಿ ನೋಡಿದೆ. ಬಿಳಿಯ ಮೇಲೆ ಬೂದಿ ಬಣ್ಣದಲ್ಲಿ, ಉಸಿರು ಬಿಟ್ಟರೆ ಅಳಿಸಿಹೋಗುವಂತೆ, "ಬೇಡ" ಎಂದಿತ್ತು.

"ಹಾಗಾದ್ರೆ ಸರಿ" ಎಂದಳು. "ನನಗೆ ಕಾಣಿಸೋದನ್ನ ಒತ್ತಬೇಡಿ. ಕಾಣಿಸದೇ ಇರೋದನ್ನ ಹುಡುಕಿ ಒತ್ತಿ."

ಸ್ವಾಮಿ, ಅದೇ ದಾರಿಯಾಯಿತು. ಪ್ರತಿ ಪುಟದಲ್ಲೂ ಅವಳಿಗೆ ತೋರಿಸುವುದು, ಅವಳು "ಕಾಣ್ತಿದೆ" ಎಂದದ್ದನ್ನು ಬಿಡುವುದು, "ಏನೂ ಇಲ್ವಲ್ಲ" ಎಂದ ಕಡೆ ಒತ್ತುವುದು. ನಮ್ಮನ್ನು ಬಿಟ್ಟು ಹೋಗುವಿರಾ ಎಂದು ಅಳುವ ಮುಖವೊಂದು ಬಂತು. ಅದು ಅವಳಿಗೆ ಚೆನ್ನಾಗಿ ಕಂಡಿತು, ಆದ್ದರಿಂದ ದಾಟಿಹೋದೆವು. ಹೊತ್ತು ಮುಳುಗುವ ಮುಂಚೆ ಸಾಲ ರದ್ದಾಯಿತು. ಎರಡೂ ಕಣ್ಣಿಗೆ ಪೊರೆ ಬಂದ ಹೆಂಗಸೊಬ್ಬಳು ಜೊತೆಗಿಲ್ಲದವರು ತಮ್ಮ ನಿಯಮವನ್ನು ಬಳಸಿಕೊಳ್ಳುವುದು ಹೇಗೆ? ಮನೆಮನೆಗೆ ಅವಳನ್ನು ಬಾಡಿಗೆಗೆ ಕಳಿಸಲೇ?

ಗೆದ್ದೆನೆಂದು ಹಿಗ್ಗಿದೆ. ಷಡ್ಡಕನಿಗೆ ಫೋನು ಮಾಡಿ, ದಿಂಬಿನಲ್ಲಿ ಹತ್ತಿ ಸರಿಯಿಲ್ಲವೆಂದು ಕುರ್ಚಿಗಳನ್ನು ನಾನೇ ತಿರಸ್ಕರಿಸಿದೆ ಎಂದೂ ಹೇಳಿದೆ. ಮರುದಿನ ಪಾಸ್‌ಪುಸ್ತಕಕ್ಕೆ ಅಚ್ಚು ಹಾಕಿಸಿ ಕನ್ನಡಕ ಏರಿಸಿದೆ. ಕಂಪನಿಯವರು ನನ್ನ ಖಾತೆಗೆ ಹಾಕಿದ್ದು ಒಂದು ಲಕ್ಷವಲ್ಲ. ಸಾಲ ಸಿದ್ಧಪಡಿಸಿದ ಶುಲ್ಕವೆಂದು, ಶುಲ್ಕದ ಮೇಲೆ ತೆರಿಗೆಯೆಂದು ಮೊದಲೇ ಮುರಿದುಕೊಂಡು ಉಳಿದದ್ದನ್ನು ಹಾಕಿದ್ದರು. ನಾನು ಗಂಟು ಕಟ್ಟಲು ತೆಗೆದದ್ದು ಮಾತ್ರ ಪೂರ್ತಿ ಲಕ್ಷ. ಕೊರತೆ ತುಂಬಿದ್ದು ಅವಳ ಕಣ್ಣಿನ ಹಣದಿಂದ. ಕೊಟ್ಟ ಚಮಚವನ್ನೆಲ್ಲ ಎಣಿಸಿ ವಾಪಸ್ ಪಡೆಯುವ ನಾನು, ಬಂದದ್ದನ್ನು ಎಣಿಸದೆ ಗಂಟು ಹಾಕಿದ್ದೆ.

ಮತ್ತೆ ಮೂರು ಮಹಡಿ ಹತ್ತಿದೆ. ಹುಡುಗಿಗೆ ನಮ್ಮ ಅಂಗಡಿಯ ಕಟ್ಟಳೆಯನ್ನು ವಿವರಿಸಿ, ಬಿಚ್ಚದ ಗಂಟಿಗೂ ಬಾಡಿಗೆ ಮುರಿದುಕೊಳ್ಳುವುದು ಯಾವ ನ್ಯಾಯ ಎಂದು ಕೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅಂಕಲ್, ಗಂಟು ಬಿಚ್ಚದೆ ತಂದ್ರೆ ಬಾಡಿಗೆ ಇಲ್ಲ, ಸರಿ. ಸಾಮಾನು ಮನೆಗೆ ತಂದುಕೊಟ್ಟ ಗಾಡಿ ಖರ್ಚು?" ಎಂದಳು.

"ಅದು ಬೇರೆ ಕೊಡಬೇಕು."

"ವಾಪಸ್ ಕೊಡ್ತೀರಾ?"

"ಅದು ಹೇಗಾಗುತ್ತಮ್ಮ?"

"ಇದೂ ಗಾಡಿ ಖರ್ಚು ಅಂಕಲ್. ಒಪ್ಪಂದದಲ್ಲಿ ಬರೆದಿರ್ತಾರೆ."

ಮೆಟ್ಟಿಲಿಳಿದು ಚಪ್ಪಲಿ ಅಂಗಡಿಯ ಮುಂದೆ ಬಂದಾಗ ಉತ್ತರ ಹೊಳೆಯಿತು. ಹತ್ತಲು ಮೊಣಕಾಲು ಒಪ್ಪಲಿಲ್ಲ, ಆದ್ದರಿಂದ ತಮಗೆ ಹೇಳುತ್ತಿದ್ದೇನೆ. ನನ್ನ ಗಾಡಿ ಡೀಸೆಲ್ ಕುಡಿಯುತ್ತದೆ. ಗುಂಡಿಗೆ ಬೀಳುತ್ತದೆ. ಚಾಲಕನಿಗೆ ಬೆನ್ನುನೋವಿದೆ. ಕೊಪ್ಪರಿಗೆಯನ್ನು ಇಬ್ಬರು ಹೊತ್ತು ಇಳಿಸಬೇಕು. ಅವರ ಲಕ್ಷ ರೂಪಾಯಿ ಯಾವ ಗಾಡಿಯಲ್ಲಿ ಬಂತು, ಯಾರ ಹೆಗಲ ಮೇಲೆ ಬಂತು? ಒಂದು ಟಿಣ್ ಎಂಬ ಸದ್ದಿಗೆ ಇಷ್ಟು ಗಾಡಿ ಖರ್ಚೇ? ಒಪ್ಪಂದದಲ್ಲಿ ಬರೆದಿದೆ, ನಿಜ. "ದಂಡವಿಲ್ಲ" ಎಂಬುದನ್ನು ದಪ್ಪವಾಗಿ ಬರೆದು "ಶುಲ್ಕ ವಾಪಸಿಲ್ಲ" ಎಂಬುದನ್ನು ಮೊಟ್ಟೆಗಾತ್ರದಲ್ಲಿ ಬರೆದವರನ್ನು ಏನೆನ್ನಬೇಕು? ನಾನು ನನ್ನ ಅಂಗಡಿಯ ಫಲಕದಲ್ಲಿ ಹಾಗೆ ಬರೆದರೆ ಜನ ಅದೇ ಫಲಕದಲ್ಲಿ ನನಗೆ ಬಾರಿಸುತ್ತಾರೆ.

ಹೆಂಡತಿಗೆ ಮಾತು ಕೊಟ್ಟಾಗಿತ್ತು. ಆಸ್ಪತ್ರೆಯ ದಿನ ಹತ್ತಿರವಿತ್ತು. ಕೊರತೆ ತುಂಬಿಸಲು ನಮ್ಮಪ್ಪನ ಕಾಲದ ಮೂವತ್ತು ಕಬ್ಬಿಣದ ಕುರ್ಚಿಗಳನ್ನು, ಅವಳು ತಂಗಿಯ ಮನೆಗೆ ಹೋಗಿದ್ದಾಗ, ಮಾರಿದೆ. ಯಾರಿಗೆಂದು ಕೇಳಬೇಡಿ. ಮೆತ್ತನೆಯವನಿಗೆ. ಹಣ ಎಣಿಸಿ ಕೊಡುವಾಗಲೂ ಅವನು ಮೆತ್ತಗೇ ನಕ್ಕ.

ಆಪರೇಷನ್ ಮೊನ್ನೆ ಆಯಿತು, ಮೊದಲು ಒಂದು ಕಣ್ಣಿಗೆ. ಚೆನ್ನಾಗಿ ಆಯಿತೆಂದು ವೈದ್ಯರು ಹೇಳಿದ್ದಾರೆ. ಪಟ್ಟಿ ಇನ್ನೂ ಬಿಚ್ಚಿಲ್ಲ. ಪೊರೆ ಬರುವ ಮುಂಚೆ ಅವಳು ಪತ್ರಿಕೆಯನ್ನು ಮೊದಲ ಸಾಲಿನಿಂದ ಹಿಡಿದು ಮುದ್ರಕರ ಹೆಸರಿನವರೆಗೆ ಓದುತ್ತಿದ್ದವಳು. ಪಟ್ಟಿ ಬಿಚ್ಚಿದ ಕೂಡಲೇ ಓದಬೇಕೆಂದು ಪಕ್ಕದ ಮನೆಯವರಿಗೆ ಹೇಳಿ ಪತ್ರಿಕೆಗಳನ್ನೆಲ್ಲ ಈಗಲೇ ಎತ್ತಿಡಿಸುತ್ತಿದ್ದಾಳೆ. ತಮಗೆ ಗುಟ್ಟಾಗಿ ಬರೆದ ಮೂರು ಪತ್ರಗಳಿಗೆ "ತಮ್ಮ ದೂರು ನಮಗೆ ಅಮೂಲ್ಯ" ಎಂಬ ಒಂದೇ ಉತ್ತರ ಮೂರು ಸಲ ಬಂದದ್ದರಿಂದ, ಅಮೂಲ್ಯವಾದದ್ದು ಎಲ್ಲರಿಗೂ ಸಿಗಲೆಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಇದರ ಪರಿಣಾಮ ಏನಾಗುತ್ತದೆಂದು ನನಗೆ ಗೊತ್ತು. ತಮಗೂ ಗೊತ್ತಿರಲಿ.

ಆದ್ದರಿಂದ ನನ್ನ ಒತ್ತಾಯ ಹೀಗಿದೆ. ಸಾಲ "ಬೇಕು" ಎನ್ನುವ ಗುಂಡಿ ಎಷ್ಟು ದೊಡ್ಡದೋ "ಬೇಡ" ಎನ್ನುವುದೂ ಅಷ್ಟೇ ದೊಡ್ಡದಿರಬೇಕು, ಅಷ್ಟೇ ಹಸಿರಿರಬೇಕು, ಅದರ ಪಕ್ಕದಲ್ಲೇ ಇರಬೇಕು. ಪರೀಕ್ಷೆ ಮಾಡಲು ನನ್ನ ಹೆಂಡತಿಯ ಇನ್ನೊಂದು ಕಣ್ಣು ಮುಂದಿನ ತಿಂಗಳವರೆಗೆ ಲಭ್ಯವಿದೆ. ಅದಕ್ಕೆ ಕಂಡರೆ ಮಾತ್ರ ತಾವು ಮುದ್ರೆ ಒತ್ತಬೇಕು. ಮೂರು ದಿನದೊಳಗೆ ಹಿಂತಿರುಗಿದ ಸಾಲಕ್ಕೆ ಶುಲ್ಕವೂ ಹಿಂತಿರುಗಬೇಕು. ಬಡ್ಡಿಯನ್ನು ನಾನು ಕೇಳುವುದಿಲ್ಲ, ನನ್ನ ಔದಾರ್ಯವೆಂದು ಇಟ್ಟುಕೊಳ್ಳಲಿ. ಮತ್ತು ನನ್ನ ಹಣ ಮಾತ್ರ ಅವಳ ಪಟ್ಟಿ ಬಿಚ್ಚುವುದರೊಳಗೆ ಬರಬೇಕು. ಕುರ್ಚಿಗಳನ್ನು ಮರಳಿ ಕೊಂಡು ತಂದು ಇದ್ದ ಜಾಗದಲ್ಲೇ ಜೋಡಿಸಲು ನನಗೆ ಒಂದು ಬೆಳಗು ಸಾಕು.

ತಡಮಾಡಬೇಡಿ. ಇವತ್ತು ಬೆಳಗ್ಗೆ ಅವಳು ಗೋಡೆ ಹಿಡಿದುಕೊಂಡು ಅಂಗಡಿಯೊಳಗೆ ಬಂದು, ಆ ಕುರ್ಚಿಗಳಿದ್ದ ಮೂಲೆಯ ಹತ್ತಿರ ನಿಂತಳು. ಕೈ ಚಾಚಲಿಲ್ಲ. "ರೀ, ಈ ಕಡೆಯಿಂದ ಗಾಳಿ ಜಾಸ್ತಿ ಬರ್ತಿದೆಯಲ್ಲ" ಎಂದಳು. ಕಿಟಕಿ ತೆರೆದಿದೆ ಎಂದೆ. ಆ ಮೂಲೆಯಲ್ಲಿ ಕಿಟಕಿ ಇಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತು.

ಮೊತ್ತವನ್ನು ಕೊನೆಗೆ ಹೇಳುತ್ತೇನೆಂದಿದ್ದೆ. ಹೋದದ್ದು ಲಕ್ಷಕ್ಕೆ ಹತ್ತಿರವೆಂದು ಬೀದಿಯವರಿಗೆ ಹೇಳಿದ್ದೇನೆ. ಕಂಪನಿಯವರೇ ನನಗೆ ಕೈಮುಗಿದು ಪರಿಹಾರ ಕೊಟ್ಟರೆಂದು ಷಡ್ಡಕನಿಗೆ ಹೇಳಿದ್ದೇನೆ. ಒಂದು ಪೈಸೆಯೂ ಹೋಗಲಿಲ್ಲವೆಂದು ಹೆಂಡತಿಗೆ ಹೇಳಿದ್ದೇನೆ. ನಿಜ ಹೇಳುತ್ತಿರುವುದು ತಮಗೊಬ್ಬರಿಗೇ. ಶುಲ್ಕ ಎರಡು ಸಾವಿರ, ಅದರ ಮೇಲೆ ತೆರಿಗೆ ಮುನ್ನೂರ ಅರವತ್ತು, ಮೂರು ದಿನದ ಬಡ್ಡಿ ನೂರ ತೊಂಬತ್ತೇಳು. ಮೆತ್ತನೆಯವನು ಕುರ್ಚಿಗೆ ಎಂಬತ್ತೈದರಂತೆ ಮೂವತ್ತಕ್ಕೆ ಕೊಟ್ಟ, ಮೇಲಿನ ಏಳು ನನ್ನ ಜೇಬಿನದು. ಒಟ್ಟು ಎರಡು ಸಾವಿರದ ಐನೂರ ಐವತ್ತೇಳು ರೂಪಾಯಿ.

ಇಂತಿ,
ಸದ್ಯಕ್ಕೆ ಮೂವತ್ತು ಕುರ್ಚಿ ಕಡಿಮೆಯಿರುವ,
ಬೀದಿಯವರೆಲ್ಲ ಕುರ್ಚಿ ಮಾವ ಎಂದು ಕರೆಯುವ,
ತಮ್ಮ ವಿಧೇಯ